ಪ್ಲಸ್ ಟುನಲ್ಲಿ ಫುಲ್ ಎ ಪ್ಲಸ್, ಆದರೂ ‘ಹುಡುಗಿ ಅಲ್ವಾ, ಬಿಎಸ್ಸಿ-ಬಿಎಡ್ ಸಾಕು’ ಅಂತಾರೆ. ಎಂತ ಹೇಳುವುದು?

ಬದಿಯಡ್ಕದ ಚಿಕ್ಕಮ್ಮ:
ಅಕ್ಕನ ಮಗಳಿಗೆ ಪ್ಲಸ್ ಟು (ಕರ್ನಾಟಕದ ಸೆಕೆಂಡ್ ಪಿಯುಸಿಯ ಹಾಗೆ) ಸಯನ್ಸ್‌ನಲ್ಲಿ ಎಲ್ಲದಕ್ಕೂ ಎ ಪ್ಲಸ್ ಬಂದಿದೆ. ಹತ್ತರವರೆಗೆ ಕನ್ನಡ ಮೀಡಿಯಂ. ಕೇರಳದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೀಮ್ ರ‍್ಯಾಂಕೂ ಪರವಾಗಿಲ್ಲ, ಇನ್ನು ಕಾಲೇಜಿನ ಆಪ್ಶನ್ ಕೊಡುವುದು ಬಾಕಿ. ಅವಳಿಗೆ ಇಲೆಕ್ಟ್ರಿಕಲ್ ಇಂಜಿನಿಯರಿಂಗ್ ಬೇಕಂತೆ. ಕಂಪ್ಯೂಟರ್ ಅಲ್ಲ, ಇಲೆಕ್ಟ್ರಿಕಲ್ಲೇ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೈಕೊಟ್ಟರೆ ಮೊದಲು ಬಿಚ್ಚಿ ನೋಡುವುದು ಅವಳೇ. ಭಾವನ ಲೆಕ್ಕ ಬೇರೆ. ಹತ್ತಿರದಲ್ಲಿ ಬಿಎಸ್ಸಿ, ಮತ್ತೆ ಬಿಎಡ್, ಟೀಚರ್ ಆದರೆ ಮದುವೆ ಮಾಡುವುದಕ್ಕೂ ಸುಲಭ ಅಂತ. ಅಕ್ಕ ಬಾಯಿ ಬಿಡುವುದಿಲ್ಲ. ಅಜ್ಜಿ ಒಬ್ಬರೇ ‘ಅವಳಿಗೆ ಬೇಕಾದ್ದು ಕಲಿಯಲಿ’ ಎನ್ನುವುದು, ಆದರೆ ಅಜ್ಜಿಯ ಮಾತು ಆ ಮನೆಯಲ್ಲಿ ಯಾರು ಕೇಳುತ್ತಾರೆ.

ಇಲ್ಲಿ ಇಂಜಿನಿಯರುಗಳು, ಟೀಚರುಗಳು ಇದ್ದೀರಿ. ಭಾವನ ಮುಂದೆ ಇಡುವುದಕ್ಕೆ ಗಟ್ಟಿ ವಿಷಯ ಕೊಡಿ. ‘ಹೆಣ್ಣುಮಕ್ಕಳು ಎಲ್ಲದರಲ್ಲೂ ಮುಂದೆ’ ಎಂಬ ಭಾಷಣ ಮಾತ್ರ ಬೇಡ. ಅದನ್ನು ಅವರೇ ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡುತ್ತಾರೆ, ಪಿಟಿಎ ಅಧ್ಯಕ್ಷರು.

ಮುರಕಲ್ಲು:
ಪಿಟಿಎ ಅಧ್ಯಕ್ಷರ ಮನೆಯಲ್ಲೇ ಹೀಗಾ! ಈ ಸಲ ವಾರ್ಷಿಕೋತ್ಸವಕ್ಕೆ ನಾನು ಎದುರಿನ ಸಾಲಿನಲ್ಲೇ ಕೂರುತ್ತೇನೆ ಮಾರಾಯ್ರೆ.

ಅಡಿಕೆಗೆ ರೇಟಿಲ್ಲ:
ನಗಾಡುವುದು ಸುಲಭ. ನನಗೂ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಈಗ ಪ್ಲಸ್ ಒನ್. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಬೋರ್ಡೋ ಮದ್ದು ಬಿಡುವುದಕ್ಕೆ ಜನ ಸಿಗುವುದಿಲ್ಲ, ಸಿಕ್ಕಿದರೆ ಅವರು ಹೇಳಿದ್ದೇ ಸಂಬಳ. ಇಂಜಿನಿಯರಿಂಗ್ ಅಂದರೆ ಫೀಸು, ಹಾಸ್ಟೆಲು, ಲ್ಯಾಪ್‌ಟಾಪು. ನಾಲ್ಕು ವರ್ಷ ಆದ ಮೇಲೆ ಕೆಲಸ ಸಿಗುತ್ತದೆ ಅಂತ ಬರೆದುಕೊಡುವವರು ಯಾರು? ಬಿಟೆಕ್ ಮುಗಿಸಿ ಮನೆಯಲ್ಲಿ ಕೂತು ಸರಕಾರಿ ಕೆಲಸಕ್ಕೆ ಅಂತ ಪಿಎಸ್‌ಸಿಗೆ ಓದುವ ಹುಡುಗರು ನಮ್ಮ ವಾರ್ಡಿನಲ್ಲೇ ಇದ್ದಾರೆ. ಹುಡುಗನಾದರೆ ಎಲ್ಲಿಯಾದರೂ ಹೋಗಿ ಬದುಕಿಕೊಳ್ಳುತ್ತಾನೆ ಅನ್ನುತ್ತಾರೆ. ಹುಡುಗಿಯನ್ನು ಹಾಗೆ ಬಿಡುವುದಕ್ಕೆ ಆಗುತ್ತದಾ? ಆ ಭಾವ ಕೆಟ್ಟವರಲ್ಲ, ಹೆದರಿದವರು. ಅಷ್ಟೇ.

ಪೆರ್ಲದ ಟೀಚರ್:
ಹೆದರಿಕೆ ನಿಜ, ಒಪ್ಪುತ್ತೇನೆ. ಆದರೆ ಹೆದರಿಕೆ ಬರೀ ಅಪ್ಪಂದಿರದ್ದಲ್ಲ. ನಾನು ಪ್ಲಸ್ ಟುಗೆ ಫಿಸಿಕ್ಸ್ ಕಲಿಸುವವಳು, ಲ್ಯಾಬಿನಲ್ಲಿ ನಡೆಯುವುದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾಲ್ಕು ಜನರ ಗುಂಪು ಮಾಡಿ ಮೀಟರ್ ಬ್ರಿಜ್ (ವಯರಿನ ರೆಸಿಸ್ಟೆನ್ಸ್ ಅಳೆಯುವ ಉಪಕರಣ) ಕೊಡಿ. ನೀವು ಏನೂ ಹೇಳದಿದ್ದರೆ ಹುಡುಗರು ವಯರು ಹಿಡಿಯುತ್ತಾರೆ, ಹುಡುಗಿಯರು ಪೆನ್ನು ಹಿಡಿಯುತ್ತಾರೆ. ಯಾರೂ ಒತ್ತಾಯ ಮಾಡುವುದಿಲ್ಲ, ಜಗಳವೂ ಇಲ್ಲ, ತನ್ನಷ್ಟಕ್ಕೆ ಹಾಗಾಗುತ್ತದೆ. ರೀಡಿಂಗ್ ಬರೆಯುವುದು, ಗ್ರಾಫ್ ಹಾಕುವುದು, ರೆಕಾರ್ಡು ಚಂದ ಮಾಡುವುದು ಎಲ್ಲಾ ಹುಡುಗಿಯರ ಪಾಲಿಗೆ. ಪರೀಕ್ಷೆಯಲ್ಲಿ ಮಾರ್ಕು ಅವರಿಗೇ ಜಾಸ್ತಿ. ಆದರೆ ಸರ್ಕಿಟ್ ಕೆಲಸ ಮಾಡದಿದ್ದಾಗ ಯಾವ ಕನೆಕ್ಷನ್ ಲೂಸ್ ಅಂತ ಹುಡುಕುವ ಕಲೆ ಹುಡುಗರ ಕೈಗೆ ಹೋಗುತ್ತದೆ. ಇಂಜಿನಿಯರಿಂಗ್ ಅಂದರೆ ಅದೇ ಅಲ್ವಾ, ಕೆಲಸ ಮಾಡದ್ದನ್ನು ಹುಡುಕುವುದು. ವಿಚಿತ್ರ ಅಂದರೆ, ಇದೇ ಹುಡುಗಿಯರು ಹೈಸ್ಕೂಲಿನಲ್ಲಿ ಲಿಟಲ್ ಕೈಟ್ಸ್‌ನಲ್ಲಿ ಇದ್ದವರು. 2018ರಲ್ಲಿ ಶುರುವಾದ ಆ ಐಟಿ ಕ್ಲಬ್ಬಿನಲ್ಲಿ ಪ್ರೊಜೆಕ್ಟರ್ ಜೋಡಿಸಿದವರು, ಆನಿಮೇಶನ್ ಮಾಡಿದವರು. ಎರಡೇ ವರ್ಷದಲ್ಲಿ ಕೈ ಹಿಂದಕ್ಕೆ ಹೋಗುತ್ತದೆ.

ಈಗ ನಾನು ಕೆಲಸ ಹಂಚಿಯೇ ಕೊಡುವುದು. ಈ ವಾರ ಬರೆದವರು ಮುಂದಿನ ವಾರ ಜೋಡಿಸಬೇಕು. ವಯರಿನ ತುದಿಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜುವುದರಿಂದ ಹಿಡಿದು ಎಲ್ಲಾ ಅವರದೇ. ಶುರುವಿನಲ್ಲಿ ಸಣ್ಣ ಕರೆಂಟು ತೋರಿಸುವ ಒಂದು ಗಾಲ್ವನೋಮೀಟರ್ ಹೋಯಿತು, ಸ್ಟಾಕ್ ರಿಜಿಸ್ಟರಿನಲ್ಲಿ ಬರೆದೆ. ಹುಡುಗರು ವರ್ಷಕ್ಕೆ ಎಷ್ಟು ಹಾಳುಮಾಡುತ್ತಾರೆ, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಇನ್ನು ಭಾವನಿಗೆ ಒಂದು ಲೆಕ್ಕ. ಕೇಂದ್ರ ಸರಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ ದೇಶದಲ್ಲಿ ಸಯನ್ಸ್ ವಿಭಾಗದಲ್ಲಿ ಕಲಿಯುವವರು 57.2 ಲಕ್ಷ, ಅದರಲ್ಲಿ ಹುಡುಗಿಯರು 29.8 ಲಕ್ಷ. ಹುಡುಗರಿಗಿಂತ ಜಾಸ್ತಿ! ಇಂಜಿನಿಯರಿಂಗ್‌ಗೆ ಬಂದರೆ ಹುಡುಗಿಯರು ಮೂರರಲ್ಲಿ ಒಂದು ಪಾಲೂ ಇಲ್ಲ. ಅಂದರೆ ಲೆಕ್ಕ, ಫಿಸಿಕ್ಸ್ ಬರುವುದಿಲ್ಲ ಅಂತ ಅಲ್ಲ. ಪ್ಲಸ್ ಟು ಮುಗಿದ ಆ ಎರಡು ತಿಂಗಳಲ್ಲಿ ಮನೆಯ ಚಾವಡಿಯಲ್ಲಿ ಕೂತು ತೀರ್ಮಾನ ಮಾಡುತ್ತೇವಲ್ಲ, ಅಲ್ಲಿ ಸೋರುವುದು.

ಕುಂಬಳೆ ಟು ಮಂಗಳೂರು:
ಟೀಚರೇ, ರೆಕಾರ್ಡ್ ವಿಷಯ ನೂರಕ್ಕೆ ನೂರು ಸತ್ಯ. ನಮ್ಮ ಗುಂಪಿನ ಎಲ್ಲರ ಗ್ರಾಫ್ ಹಾಕಿದ್ದು ನಾನೇ 😂

ನಾನು ಈಗ ಮೆಕ್ಯಾನಿಕಲ್ ಮೂರನೇ ವರ್ಷ, ಮಂಗಳೂರಿನ ಹತ್ತಿರದ ಕಾಲೇಜು, ದಿನಾ ರೈಲಿನಲ್ಲಿ ಹೋಗಿ ಬರುವುದು. ಕ್ಲಾಸಿನಲ್ಲಿ ಹುಡುಗಿಯರು ಬೆರಳೆಣಿಕೆ. ಮೊದಲ ವರ್ಷ ವರ್ಕ್‌ಶಾಪಿನಲ್ಲಿ ಒಬ್ಬರು ‘ನೀವು ಆ ಕಡೆ ನಿಂತು ನೋಡಿ, ಸಾಕು’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದೇ ತೊಂದರೆ. ಬೈದರೆ ಎದುರು ಮಾತಾಡಬಹುದು, ಕಾಳಜಿ ಮಾಡಿದರೆ ಎಂತ ಹೇಳುವುದು? ಶಾಲು ತೆಗೆದಿಟ್ಟು, ಜಡೆ ಕಟ್ಟಿ ಕೋಟಿನೊಳಗೆ ಹಾಕಿ ಲೇತಿನ ಮುಂದೆ ನಿಂತೆವು. ಲೇತಿಗೆ ಹುಡುಗ ಹುಡುಗಿ ಗೊತ್ತಾಗುವುದಿಲ್ಲ, ಸಡಿಲ ಬಟ್ಟೆ ಮಾತ್ರ ಗೊತ್ತಾಗುತ್ತದೆ.

ನನಗೆ ಕಷ್ಟ ಆದದ್ದು ಮೆಷಿನ್ ಅಲ್ಲ, ಭಾಷೆ. ಹತ್ತರವರೆಗೆ ಎಲ್ಲಾ ಕನ್ನಡದಲ್ಲಿ. ಪ್ಲಸ್ ಒನ್‌ನಲ್ಲಿ ಪುಸ್ತಕ ಇಂಗ್ಲಿಷ್, ವಿವರಣೆ ಮಲಯಾಳ. ಕ್ಲಾಸಿನಲ್ಲಿ ಮೊದಲ ಓಣಂ ಪರೀಕ್ಷೆವರೆಗೆ ನಾನು ಬಾಯಿಯೇ ತೆರೆದಿಲ್ಲ. ಗೊತ್ತಿಲ್ಲ ಅಂತ ಅಲ್ಲ, ಕೇಳುವುದು ಯಾವ ಭಾಷೆಯಲ್ಲಿ ಅಂತ. ಹುಡುಗರು ತಪ್ಪು ಮಲಯಾಳದಲ್ಲೇ ಕೇಳಿಬಿಡುತ್ತಿದ್ದರು, ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು. ನಮಗೆ ಆ ಧೈರ್ಯ ಇರಲಿಲ್ಲ. ಚಿಕ್ಕಮ್ಮ, ನಿಮ್ಮ ಹುಡುಗಿ ಇದನ್ನೆಲ್ಲ ದಾಟಿ ಫುಲ್ ಎ ಪ್ಲಸ್ ತೆಗೆದವಳು. ಕಷ್ಟದ ಭಾಗ ಮುಗಿದಿದೆ ಅಂತ ಭಾವನಿಗೆ ಹೇಳಿ.

ಸುಮ್ನೆ ಕೇಳ್ತೇನೆ:
ಒಂದು ಮಾತು, ಬೈಬೇಡಿ. ಎಲ್ಲಾ ಹುಡುಗಿಯರೂ ಇಂಜಿನಿಯರ್ ಆಗಿ ಬೆಂಗಳೂರಿಗೆ ಹೋದರೆ ಇಲ್ಲಿ ತೋಟ ನೋಡಿಕೊಂಡಿರುವ ಹುಡುಗರಿಗೆ ಹೆಣ್ಣು ಎಲ್ಲಿ? ಈಗಲೇ ನಲವತ್ತು ದಾಟಿದವರು ಎಷ್ಟು ಮನೆಯಲ್ಲಿದ್ದಾರೆ ನೋಡಿ.

ಕುಂಬಳೆ ಟು ಮಂಗಳೂರು:
ನನ್ನ ಅಣ್ಣ ಬೆಂಗಳೂರಿಗೆ ಹೋದಾಗ ತೋಟದ ಚಿಂತೆ ಯಾರೂ ಮಾಡಲಿಲ್ಲ. ಪಾಯಸ ಮಾಡಿದರು.

ಮುರಕಲ್ಲು:
👏👏 ಸುಮ್ನೆ ಕೇಳಿದವರು ಸುಮ್ಮನಾದರು.

ವೋಲ್ಟೇಜ್ ಅಕ್ಕ:
ಇಲೆಕ್ಟ್ರಿಕಲ್ ಅಂದದ್ದಕ್ಕೆ ಬಂದೆ. ಊರು ಮಂಜೇಶ್ವರದ ಹತ್ತಿರ, ಇಲೆಕ್ಟ್ರಿಕಲ್ ಮುಗಿಸಿ ಈಗ ಸಬ್‌ಸ್ಟೇಷನ್‌ನಲ್ಲಿ ಕೆಲಸ. ಚಂದ ಮಾಡಿ ಹೇಳುವುದಿಲ್ಲ, ಇದ್ದದ್ದು ಹೇಳುತ್ತೇನೆ.

ಕಾಲೇಜಿನಲ್ಲಿ ಕ್ಯಾಂಪಸ್ಸಿಗೆ ಬಂದ ಒಂದು ಕಂಪನಿಯವರು ಹುಡುಗರಿಗೆ ಟ್ರಾನ್ಸ್‌ಫಾರ್ಮರ್ ಬಗ್ಗೆ ಕೇಳಿದರು. ನನಗೆ ‘ಮದುವೆ ಯಾವಾಗ, ಸೈಟಿಗೆ ಹೋಗುತ್ತೀರಾ’ ಎಂದು ಕೇಳಿದರು. ಟ್ರಾನ್ಸ್‌ಫಾರ್ಮರ್ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಮೊದಲ ಕೆಲಸದಲ್ಲಿ ಸೈಟಿನಲ್ಲಿ ಹೆಂಗಸರಿಗೆ ಟಾಯ್ಲೆಟ್ ಇರಲಿಲ್ಲ, ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದೆ. ಇದನ್ನು ಮುಚ್ಚಿಟ್ಟು ‘ಬನ್ನಿ ಬನ್ನಿ’ ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಸರಕಾರಿ ಕಡೆಯಲ್ಲಿ ವಾಸಿ. ಕೇರಳದ ವಿದ್ಯುತ್ ಬೋರ್ಡ್ ಕೆಎಸ್‌ಇಬಿಗೆ ಅಸಿಸ್ಟೆಂಟ್ ಇಂಜಿನಿಯರುಗಳನ್ನು ತೆಗೆಯುವುದು ಪಿಎಸ್‌ಸಿ ಮೂಲಕ, ಅಲ್ಲಿ ರ‍್ಯಾಂಕ್ ಲಿಸ್ಟಿನಲ್ಲಿ ಹೆಸರಿದ್ದರೆ ಆಯಿತು, ಮದುವೆ ಯಾವಾಗ ಅಂತ ಯಾರೂ ಕೇಳುವುದಿಲ್ಲ. ನಮ್ಮ ಜಿಲ್ಲೆಯ ಅಂಬಲತ್ತರದಲ್ಲಿ 50 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬಂತಲ್ಲ, ಊರ ಮನೆಗಳ ಮಾಡಿನ ಮೇಲೂ ಈಗ ಸೋಲಾರ್. ಇಲೆಕ್ಟ್ರಿಕಲ್ ಅಂದರೆ ಕಂಬ ಹತ್ತುವುದು ಅಂತ ಭಾವ ತಿಳಿದುಕೊಂಡಿದ್ದರೆ ಇದನ್ನು ತೋರಿಸಿ.

ಆದರೆ ಕೆಲಸದ ಖುಷಿಯೂ ಹೇಳಬೇಕಲ್ಲ. ಆಟಿ ತಿಂಗಳ ಮಳೆಯಲ್ಲಿ ರಾತ್ರಿ ಲೈನಿನ ಮೇಲೆ ಮಡಲು ಬಿದ್ದು ಊರಿಗೆ ಕರೆಂಟು ಕೊಡುವ ಫೀಡರ್ ಟ್ರಿಪ್ ಆಗುತ್ತದೆ, ಅಂದರೆ ತನ್ನಷ್ಟಕ್ಕೆ ಆಫ್ ಆಗುತ್ತದೆ. ದೋಷ ಹಿಡಿಯುವ ರಿಲೇಗಳಲ್ಲಿ ಯಾವುದು ಬಿದ್ದಿದೆ ನೋಡಬೇಕು, ಲೈನ್‌ಮ್ಯಾನ್‌ಗೆ ಫೋನ್ ಮಾಡಬೇಕು, ಅವರು ಲೈನಿನ ಮೇಲೆ ಇಲ್ಲ ಅಂತ ಖಾತ್ರಿ ಆಗುವವರೆಗೆ ಚಾರ್ಜ್ ಮಾಡಬಾರದು, ಅಂದರೆ ಕರೆಂಟು ಬಿಡಬಾರದು. ಒಬ್ಬ ಮನುಷ್ಯನ ಜೀವ ನಿಮ್ಮ ಮಾತಿನ ಮೇಲೆ. ಕೊನೆಗೆ ಬ್ರೇಕರ್ ಹಾಕಿದಾಗ ಅದು ಮತ್ತೆ ಬೀಳದೆ ನಿಂತಿತು ಅಂದರೆ, ದೂರದಲ್ಲಿ ಒಂದು ಊರಿಡೀ ಬೆಳಕು. ಆ ಹುಡುಗಿಗೆ ಪಂಪಿನ ಸ್ಟಾರ್ಟರ್ ಬಿಚ್ಚುವ ಹುಚ್ಚು ಇದ್ದರೆ ಈ ಹುಚ್ಚೂ ಹಿಡಿಯುತ್ತದೆ, ಅನುಮಾನ ಬೇಡ.

ಇಲೆಕ್ಟ್ರಿಕಲ್ ಹೆಂಗಸರಿಗಲ್ಲ ಅನ್ನುವವರಿಗೆ ಎ. ಲಲಿತಾ ಅವರ ವಿಷಯ ಹೇಳಿ. 15ಕ್ಕೆ ಮದುವೆ, 18ಕ್ಕೆ ವಿಧವೆ, ಕೈಯಲ್ಲಿ ನಾಲ್ಕು ತಿಂಗಳ ಕೂಸು. ಅವರ ಅಪ್ಪ ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಇಲೆಕ್ಟ್ರಿಕಲ್ ಪ್ರೊಫೆಸರ್. ಮಗಳನ್ನು ಅಲ್ಲೇ ಸೇರಿಸಿದರು. 1943ರಲ್ಲಿ ಓದು ಮುಗಿಸಿ ದೇಶದ ಮೊದಲ ಮಹಿಳಾ ಇಂಜಿನಿಯರುಗಳಲ್ಲಿ ಒಬ್ಬರಾದರು, ಮುಂದೆ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಕೆಲಸದಲ್ಲೂ ಇದ್ದರು. ಆ ಕಾಲದಲ್ಲಿ ವಿಧವೆ ಮಗಳನ್ನು ಕಾಲೇಜಿಗೆ ಕಳಿಸಿದ ಅಪ್ಪ ಇದ್ದರು. ಈಗ ಫುಲ್ ಎ ಪ್ಲಸ್ ಮಗಳನ್ನು ಕಳಿಸುವುದಕ್ಕೆ ಇಷ್ಟು ಯೋಚನೆ.

ಮೊಗ್ರಾಲ್ ಹೊಳೆ:
ಎಲ್ಲರೂ ಬಿಎಸ್ಸಿಯನ್ನು ಶಿಕ್ಷೆಯ ಥರ ಮಾತಾಡುತ್ತಿದ್ದೀರಿ, ಬೇಜಾರಾಯಿತು. ನಾನು ಬಿಎಸ್ಸಿ ಜಿಯಾಲಜಿ ಮಾಡಿದವಳು, ವಿದ್ಯಾನಗರದ ಸರಕಾರಿ ಕಾಲೇಜಿನಲ್ಲಿ. ಈಗ ಅಂತರ್ಜಲದ ಮೇಲೆ ಪಿಎಚ್‌ಡಿ. ಮನೆಯಲ್ಲಿ ಉಮ್ಮನಿಗೆ ಇಂದಿಗೂ ನಾನು ‘ಕಲ್ಲು ಓದುವವಳು’.

ಬಿಎಸ್ಸಿ ತಪ್ಪಲ್ಲ. ಬಿಎಸ್ಸಿಯನ್ನು ಮದುವೆಯವರೆಗಿನ ಕಾಯುವ ಕೋಣೆ ಮಾಡುವುದು ತಪ್ಪು. ನನ್ನ ಜೊತೆ ಕಲಿತ ಹುಡುಗಿಯರು ನನಗಿಂತ ಚುರುಕು ಇದ್ದರು. ಎಮ್ಮೆಸ್ಸಿಗೆ ಅರ್ಜಿ ಹಾಕುವ ಹೊತ್ತಿಗೆ ಒಬ್ಬೊಬ್ಬರೇ ಕಾಣೆಯಾದರು. ಪೆರಿಯದಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ ಉಂಟು, ದೇಶದ ಎಲ್ಲಾ ಕಡೆಯಿಂದ ಮಕ್ಕಳು ರೈಲು ಹತ್ತಿ ಬರುತ್ತಾರೆ. ಕೂಡ್ಲಿನಲ್ಲಿ ಸಿಪಿಸಿಆರ್‌ಐ ಉಂಟು, 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಜಾಗ. ನಾವು ಅದರ ಗೇಟಿನ ಎದುರು ಬಸ್ಸಿನಲ್ಲಿ ಹೋಗುವುದು, ಬರುವುದು. ಒಳಗೆ ವಿಜ್ಞಾನಿಗಳು ಇದ್ದಾರೆ, ಅವರಲ್ಲಿ ಹೆಂಗಸರೂ ಇದ್ದಾರೆ ಅಂತ ನನಗೆ ಗೊತ್ತಾದದ್ದು ಡಿಗ್ರಿ ಮಾಡುವಾಗ.

ನಮ್ಮ ಕಾಸರಗೋಡು ಜಿಲ್ಲೆಯಷ್ಟು ಪ್ರಶ್ನೆ ಬೇರೆ ಎಲ್ಲಿ ಉಂಟು ಹೇಳಿ. 12 ಹೊಳೆ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಆದರೂ ಏಪ್ರಿಲಿನಲ್ಲಿ ಟ್ಯಾಂಕರ್ ನೀರು. ಗುಡ್ಡದ ಮುರಕಲ್ಲು ನೀರನ್ನು ಹೀರಿಕೊಳ್ಳುತ್ತದೆ, ಕೆಳಗಿನ ಜೇಡಿ ಪದರ ಅದನ್ನು ತಡೆಯುತ್ತದೆ. ಹಳಬರು ಅದನ್ನು ಕಂಡುಕೊಂಡು ಗುಡ್ಡಕ್ಕೆ ಅಡ್ಡಕ್ಕೆ ಸುರಂಗ ಕೊರೆದು, ಕರೆಂಟು ಇಲ್ಲದೆ ನೀರು ತಂದರು. ಎಂತ ಇಂಜಿನಿಯರಿಂಗ್ ಅದು! ಯಾವ ಸುರಂಗ ಬತ್ತುತ್ತದೆ, ಯಾಕೆ ಬತ್ತುತ್ತದೆ, ಹತ್ತಿರ ಬೋರ್‌ವೆಲ್ ಬಂದರೆ ಎಂತ ಆಗುತ್ತದೆ, ಇದನ್ನು ಅಳೆಯುವುದಕ್ಕೆ ಇಲ್ಲಿ ಹುಟ್ಟಿದವರು ಬೇಕು. ಹೊರಗಿನವರಿಗೆ ಸುರಂಗದ ಬಾಯಿ ಯಾರ ಮನೆಯ ಹಿತ್ತಿಲಲ್ಲಿ ಉಂಟು ಅಂತಲೇ ಗೊತ್ತಾಗುವುದಿಲ್ಲ.

ಎಂಡೋಸಲ್ಫಾನ್ ಕೀಟನಾಶಕದ ವಿಷಯ ತೆಗೆಯದೆ ಇರುವುದಕ್ಕೆ ಆಗುವುದಿಲ್ಲ. ಗೇರು ತೋಟದ ಮೇಲೆ 2000ದವರೆಗೆ ಹೆಲಿಕಾಪ್ಟರಿನಲ್ಲಿ ಬಿಟ್ಟರು. ಎಣ್ಮಕಜೆ ಕಡೆ ಅದರಿಂದ ಕಾಯಿಲೆಯಾದ ಮಕ್ಕಳನ್ನು ಎತ್ತಿ, ಸ್ನಾನ ಮಾಡಿಸಿ, ಊಟ ಮಾಡಿಸುತ್ತಾ ಬಂದವರು ಹೆಚ್ಚಾಗಿ ಅಮ್ಮಂದಿರು. ಕೋರ್ಟಿಗೆ ಹೋಗಿ ತಡೆ ತಂದವರಲ್ಲಿ ಮೊದಲಿಗರು ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿದ್ದವರು. ಸುಪ್ರೀಂ ಕೋರ್ಟ್ ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ. ಆ ವರ್ಷಗಳಲ್ಲೆಲ್ಲ ನಮ್ಮ ಮಣ್ಣು, ನೀರು, ರಕ್ತ ಪರೀಕ್ಷೆ ಮಾಡುವುದಕ್ಕೆ ಹೊರಗಿನಿಂದ ತಂಡ ಬರುವುದನ್ನು ಕಾಯಬೇಕಾಯಿತು. ನಮ್ಮ ಊರಿನ ವಿಷದ ಪರಿಣಾಮ ಅಳೆಯುವ ಒಬ್ಬ ಟಾಕ್ಸಿಕಾಲಜಿಸ್ಟ್ ಹುಡುಗಿ ಇದ್ದಿದ್ದರೆ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಪೆರ್ಲದ ಟೀಚರ್:
ಮೊಗ್ರಾಲಿನವರೇ, ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ (ಶಾಲೆಗಳ ವಿಜ್ಞಾನ ಮೇಳ) ಸುರಂಗದ ಪ್ರಾಜೆಕ್ಟ್ ಮಾಡಿಸುವ ಆಲೋಚನೆ ಉಂಟು. ನಿಮಗೆ ಮೆಸೇಜ್ ಮಾಡುತ್ತೇನೆ. ಪ್ರತೀ ವರ್ಷ ಅದೇ ಜ್ವಾಲಾಮುಖಿ ಮಾಡೆಲ್ ನೋಡಿ ನನಗೂ ಸಾಕಾಗಿದೆ. ಕಾಸರಗೋಡಿನಲ್ಲಿ ಎಲ್ಲಿಯ ಜ್ವಾಲಾಮುಖಿ!

ಅಡಿಕೆಗೆ ರೇಟಿಲ್ಲ:
ಎಲ್ಲಾ ಓದಿದೆ. ಒಳ್ಳೆಯ ಮಾತುಗಳೇ. ಆದರೆ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಹಣ? ಮದುವೆಗೆ ಅಂತ ಒಂದಿಷ್ಟು ಚಿನ್ನ ಇಟ್ಟದ್ದು ಉಂಟು, ಅದನ್ನು ಅಡವಿಟ್ಟು ಓದಿಸಬೇಕಾ?

ಪೆರ್ಲದ ಟೀಚರ್:
ಚಿನ್ನ ಅಂದಾಗ ಹವಾಮಾನ ವಿಜ್ಞಾನಿ ಅನ್ನಾ ಮಾಣಿ ನೆನಪಾದರು. 1918ರಲ್ಲಿ ನಮ್ಮದೇ ಕೇರಳದ ಪೀರುಮೇಡಿನಲ್ಲಿ ಹುಟ್ಟಿದವರು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯಲ್ಲಿ ವಜ್ರದ ಓಲೆ ಕೊಡಲು ಬಂದರೆ ಬೇಡ ಅಂದು ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾ ಕೇಳಿದವರು. ಮುಂದೆ ಸಿ.ವಿ. ರಾಮನ್ ಅವರ ಲ್ಯಾಬಿನಲ್ಲಿ ಸಂಶೋಧನೆ ಮಾಡಿದರು. ಎಮ್ಮೆಸ್ಸಿ ಆಗಿಲ್ಲ ಎಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಆದರೂ ಹವಾಮಾನ ಇಲಾಖೆಯಲ್ಲಿ ಉಪ ಮಹಾನಿರ್ದೇಶಕಿಯವರೆಗೆ ಏರಿದರು. ದೇಶದಲ್ಲಿ ಬಿಸಿಲೆಷ್ಟು, ಗಾಳಿಯೆಷ್ಟು ಅಂತ ಅಳೆದು ಪುಸ್ತಕ ಮಾಡಿದವರು ಅವರೇ. ನಮ್ಮ ವೋಲ್ಟೇಜ್ ಅಕ್ಕ ಹೇಳಿದ ಸೋಲಾರ್‌ಗೆಲ್ಲ ಅಂಥ ಲೆಕ್ಕ ಬೇಕು. ಚಿನ್ನ ಮಾರಿ ಅಂತ ನಾನು ಹೇಳುವುದಿಲ್ಲ ಅಣ್ಣ, ಮನೆಯ ಕಷ್ಟ ಮನೆಯವರಿಗೇ ಗೊತ್ತು. ಆದರೆ ಮಗಳ ಹೆಸರಿನ ಚಿನ್ನ ಮಗಳ ಫೀಸಿಗೆ ಅಡವು ಹೋದರೆ ಮಾನ ಹೋಗುವುದಿಲ್ಲ.

ಕುಂಬಳೆ ಟು ಮಂಗಳೂರು:
ನಾನು ಪ್ರಗತಿ ಸ್ಕಾಲರ್‌ಶಿಪ್‌ನಲ್ಲಿ ಓದುತ್ತಿರುವವಳು. ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯದ್ದು, ಹುಡುಗಿಯರಿಗೆ ಮಾತ್ರ. ವರ್ಷಕ್ಕೆ 50,000 ರೂಪಾಯಿ, ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗೆ ಇರಬೇಕು. ಡಿಪ್ಲೊಮಾಕ್ಕೂ ಉಂಟು, ಡಿಗ್ರಿಗೂ ಉಂಟು. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ, ನಾನು ಅಕ್ಷಯ ಸೇವಾ ಕೇಂದ್ರದಲ್ಲಿ ಮಾಡಿಸಿದ್ದು. ಬಿಎಸ್ಸಿ ಕಡೆಗೆ ಹೋಗುವವರಿಗೆ ಇನ್‌ಸ್ಪಯರ್ ಉಂಟು, ವರ್ಷಕ್ಕೆ 80,000, ಆದರೆ ಅದು ಪ್ಲಸ್ ಟುನಲ್ಲಿ ತೀರಾ ಮೇಲಿನ ಮಾರ್ಕು ಇರುವವರಿಗೆ.

ವೋಲ್ಟೇಜ್ ಅಕ್ಕ:
ದೂರ ಕಳಿಸುವುದಕ್ಕೆ ಹೆದರಿಕೆ ಇರುವವರಿಗೆ: ಪೊವ್ವಲ್‌ನಲ್ಲಿ 1993ರಿಂದ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ಉಂಟು, ಇಲೆಕ್ಟ್ರಿಕಲ್ ಬ್ರಾಂಚೂ ಉಂಟು. ಬದಿಯಡ್ಕದವರಿಗೆ ಇದಕ್ಕಿಂತ ಹತ್ತಿರ ಎಂತ ಬೇಕು? ಹತ್ತು ಮುಗಿಸಿದ ಹುಡುಗಿಯರು ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಬಿಟೆಕ್ ಎರಡನೇ ವರ್ಷಕ್ಕೆ ಸೇರಬಹುದು. ಈ ದಾರಿಯನ್ನು ಹುಡುಗರಿಗೆ ಎಲ್ಲರೂ ಹೇಳಿಕೊಡುತ್ತಾರೆ, ಹುಡುಗಿಯರಿಗೆ ಯಾರೂ ಹೇಳುವುದಿಲ್ಲ.

ಪ್ಲಸ್ ಒನ್‌ನಲ್ಲಿ ಇರುವವರು ಇನ್ನೂ ಒಂದು ತಿಳಿದುಕೊಳ್ಳಿ. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ, ಅದೂ ಪ್ಲಸ್ ಟು ಎಲ್ಲಿ ಪಾಸಾದಿರಿ ಅನ್ನುವುದರ ಮೇಲೆ. ಹಾಗಾಗಿ ಕಣ್ಣೆದುರಿನ ಸುರತ್ಕಲ್ ನಮಗೆ ಹೊರರಾಜ್ಯ, ದೂರದ ಕೋಯಿಕ್ಕೋಡು ನಮ್ಮ ರಾಜ್ಯ! ಗಡಿ ಹಾಕಿದವರಿಗೆ ಕೇಳಬೇಕು. ಆದರೆ 2018ರಿಂದ ಐಐಟಿ, ಎನ್‌ಐಟಿಗಳಲ್ಲಿ ಹುಡುಗಿಯರಿಗೆ ಹೆಚ್ಚುವರಿ ಸೀಟು ಮಾಡಿದ್ದಾರೆ. ಹುಡುಗರ ಸೀಟು ಕಿತ್ತು ಕೊಟ್ಟದ್ದಲ್ಲ, ಮೇಲಿಂದ ಸೇರಿಸಿದ್ದು. ಕರ್ನಾಟಕದ ಸಿಇಟಿಯಲ್ಲೂ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನ ಕನ್ನಡ, ತುಳು ಮನೆಮಾತಿನ ಮಕ್ಕಳಿಗೆ ಗಡಿನಾಡಿನ ಲೆಕ್ಕದಲ್ಲಿ ಅವಕಾಶ ಉಂಟು, ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಸರ್ಟಿಫಿಕೇಟುಗಳನ್ನು ಕೊನೆಯ ವಾರಕ್ಕೆ ಇಡಬೇಡಿ.

ಮುರಕಲ್ಲು:
ಇನ್ನೊಂದು ಯಾರೂ ಹೇಳಲಿಲ್ಲ: ಬಸ್ಸು. ಲ್ಯಾಬ್ ಮುಗಿಯುವುದು ಸಂಜೆ. ಪೇಟೆಯಿಂದ ನಮ್ಮ ಒಳ ಊರಿಗೆ ಕೊನೆಯ ಬಸ್ಸು ಹೋದ ಮೇಲೆ ಹುಡುಗ ಯಾರದ್ದಾದರೂ ಬೈಕಿನ ಹಿಂದೆ ಕೂತು ಬರುತ್ತಾನೆ. ಹುಡುಗಿ ಆಟೋ ಹಿಡಿಯಬೇಕು ಅಥವಾ ಅಪ್ಪ ಕಾಯಬೇಕು. ನನ್ನ ತಂಗಿ ಡಿಗ್ರಿ ಬಿಟ್ಟದ್ದು ಇದೇ ಕಾರಣಕ್ಕೆ, ಫೇಲಾಗಿ ಅಲ್ಲ. ಪ್ರೋತ್ಸಾಹ ಅಂತ ಹೂಗುಚ್ಛ ಕೊಡುವ ಪಂಚಾಯತು ಸಂಜೆ ಆರೂವರೆಗೆ ಒಂದು ಬಸ್ಸು ಓಡಿಸುವುದಕ್ಕೆ ಒತ್ತಡ ಹಾಕಲಿ. ಗ್ರಾಮಸಭೆಯಲ್ಲಿ ನಾನೇ ಎತ್ತುತ್ತೇನೆ, ನಾಲ್ಕು ಹುಡುಗಿಯರು ಜೊತೆಗೆ ಬಂದು ಮಾತಾಡಿದರೆ.

ಕುಂಬಳೆ ಟು ಮಂಗಳೂರು:
ನಾಲ್ಕಲ್ಲ, ಹತ್ತು ಜನ ಬರುತ್ತೇವೆ. ದಿನ ಹೇಳಿ ಅಣ್ಣ.

ಬದಿಯಡ್ಕದ ಚಿಕ್ಕಮ್ಮ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಭಾವನಿಗೆ ಎಲ್ಲಾ ಓದಿ ಹೇಳಿದೆ. ‘ಪೊವ್ವಲ್ ಆದರೆ ನೋಡುವ’ ಅಂದಿದ್ದಾರೆ. ಹೌದು ಅಂತಲೂ ಅಲ್ಲ, ಅಲ್ಲ ಅಂತಲೂ ಅಲ್ಲ. ಅವಳಿಗೆ ತ್ರಿಶೂರಿನ ಕಾಲೇಜು ಬೇಕಿತ್ತು, ಮುಖ ಸಪ್ಪೆ ಮಾಡಿದ್ದಾಳೆ. ಆಪ್ಶನ್‌ನಲ್ಲಿ ತ್ರಿಶೂರನ್ನು ಮೇಲೆ ಹಾಕು, ಪೊವ್ವಲ್ ಕೆಳಗೆ ಇರಲಿ, ಅಲೋಟ್‌ಮೆಂಟ್ ಬಂದ ಮೇಲೆ ಜಗಳ ಮಾಡುವ ಅಂತ ಹೇಳಿಕೊಟ್ಟಿದ್ದೇನೆ. ಭಾವ ಇಲ್ಲಿ ಬರುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ 🙈

ಅಡಿಕೆಗೆ ರೇಟಿಲ್ಲ:
ಆ ಪ್ರಗತಿ ಒಂದು ಮನೆಯಲ್ಲಿ ಒಬ್ಬಳಿಗೆ ಮಾತ್ರವಾ? ಸಣ್ಣವಳು ಈಗ ಏಳನೇ ಕ್ಲಾಸು.

ಕುಂಬಳೆ ಟು ಮಂಗಳೂರು:
ಒಂದು ಮನೆಯ ಇಬ್ಬರು ಹುಡುಗಿಯರಿಗೆ ಸಿಗುತ್ತದೆ ಅಣ್ಣ. ಕಾಲೇಜಿಗೆ ಎಐಸಿಟಿಇ ಅನುಮೋದನೆ ಇರಬೇಕು, ಸೇರುವ ಮೊದಲು ಅದನ್ನು ನೋಡಿಕೊಳ್ಳಿ. ಆದಾಯದ ಸರ್ಟಿಫಿಕೇಟ್ ವಿಲೇಜ್ ಆಫೀಸಿನಿಂದ.